ಅಮ್ಮನ ಸೊಂಟ, ಸೊನ್ನೆಯಿಂದ ಹತ್ತರವರೆಗೆ

ಮೊದಲು ಬಂದದ್ದು ಬಿಸಿನೀರಿನ ಚೀಲ. ಅದು ಅಜ್ಜಿಯದು. ಅದರ ಹಿಂದೆಯೇ ಸೊಂಟಕ್ಕೆ ಸುತ್ತುವ ಕಪ್ಪು ಬೆಲ್ಟು. ಅದನ್ನು ಅಪ್ಪ ತಂದ. ಮೂರನೆಯದು ಕರೆಂಟಿಗೆ ಸಿಕ್ಕಿಸಿ ಬೆನ್ನಿಗೆ ಇಟ್ಟುಕೊಳ್ಳುವ ಬಿಸಿ ಪ್ಯಾಡು, ನಾಲ್ಕನೆಯದು ಕೈಯಲ್ಲಿ ಹಿಡಿದರೆ ಗುರ್ರೆಂದು ಅದುರುವ ಮಸಾಜ್ ಮಷಿನ್ನು, ಐದನೆಯದು ನಾಲ್ಕು ಅಂಟು ಬಿಲ್ಲೆಗಳಿಂದ ಚರ್ಮಕ್ಕೆ ಚುರುಚುರು ಕರೆಂಟು ಬಿಡುವ ಪುಟ್ಟ ಡಬ್ಬಿ. ಈ ಮೂರೂ ಚಿಕ್ಕಪ್ಪನ ಕಡೆಯಿಂದ. ಅವನು ಆಸ್ಪತ್ರೆ ಸಾಮಾನು ಮಾರುವ ಅಂಗಡಿಯಲ್ಲಿ ಸೇಲ್ಸ್‌ಮನ್. ಗಿರಾಕಿಗಳಿಗೆ ತೋರಿಸಲು ಇಟ್ಟ ಪೀಸುಗಳನ್ನು ಶನಿವಾರ ತಂದು ಸೋಮವಾರ ಒಯ್ಯುತ್ತೇನೆ ಅಂದಿದ್ದ. ಸೋಮವಾರ ಬಂದಾಗ ಮರೆತ. ನಾಲ್ಕೈದು ದಿನದಲ್ಲೇ ನಮ್ಮ ಮನೆಯ ಸೋಫಾದ ಮೇಲೆ ಮನುಷ್ಯರಿಗೆ ಜಾಗವಿಲ್ಲದಂತಾಯಿತು.

ಇಷ್ಟಕ್ಕೂ ಕಾರಣ ಅಮ್ಮನ ಸೊಂಟ.

ಅಮ್ಮ ಬಟ್ಟೆ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ಟರ್. ನೂರು ಪದರ ಬಟ್ಟೆಯನ್ನು ಒಂದರ ಮೇಲೊಂದು ಹಾಸಿ, ಮೇಲಿನ ಪದರದ ಮೇಲೆ ಸೀಮೆಸುಣ್ಣದ ಚಾಕಿನಿಂದ ಗೆರೆ ಹಾಕಿ, ನಿಂತ ಅಲಗಿನ ಕರೆಂಟ್ ಮಷಿನ್ನನ್ನು ಆ ಗೆರೆಯ ಮೇಲೆ ನಡೆಸುವ ಕೆಲಸ. ಕೈ ಒಂದು ನೂಲು ತಪ್ಪಿದರೆ ನೂರು ಅಂಗಿಯ ತೋಳು ಹೋದಂತೆಯೇ. ಆ ಕಾರ್ಖಾನೆಯಲ್ಲಿ ಆ ಮಷಿನ್ ಹಿಡಿದ ಮೊದಲ ಹೆಂಗಸು ಅವಳು. ಎಲ್ಲರೂ ಮಾಸ್ಟ್ರಮ್ಮ ಅನ್ನುತ್ತಾರೆ. ಒಂದು ಗುರುವಾರ ಸಂಜೆ ಕೆಲಸದಿಂದ ಬಂದು ಚಪ್ಪಲಿ ಬಿಡಲು ಬಗ್ಗಿದವಳು ಹಾಗೇ ಉಳಿದುಬಿಟ್ಟಳು.

"ಏನಾದ್ರೂ ಬಿತ್ತಾ?" ಅಂದಳು ಅಜ್ಜಿ.

"ಇಲ್ಲ ಅತ್ತೆ. ನಾನೇ ಹೀಗೆ ನಿಂತಿದೀನಿ."

ಅಪ್ಪ ಒಂದು ಕಡೆ, ನಾನು ಒಂದು ಕಡೆ ಹಿಡಿದು ಕುರ್ಚಿಯವರೆಗೆ ಕರೆತಂದೆವು. ಅದಕ್ಕೂ ಮೊದಲೇ ನಾಲ್ಕು ತಿಂಗಳಿಂದ ನೋವಿತ್ತಂತೆ. ನಮಗೆ ಯಾರಿಗೂ ಗೊತ್ತಿರಲಿಲ್ಲ. ಮೂರು ದಿನ ರಜೆ ಹಾಕಿ, ನಾಲ್ಕನೆಯ ದಿನ ಗೋಡೆ ಹಿಡಿದುಕೊಂಡೇ ಕೆಲಸಕ್ಕೆ ಹೋದಳು. ಅವತ್ತು ರಾತ್ರಿ ಊಟಕ್ಕೆ ಕೂತಾಗ ಅಪ್ಪ ಕೇಳಿದ, "ಸೂಪರ್‌ವೈಸರ್ ಏನಂದ್ರು?"

"ಏನಂತಾರೆ. ತಿಂಗಳ ಕೊನೆಗೆ ಶಾಲೆ ಯೂನಿಫಾರಂ ಆರ್ಡರ್ ಬರುತ್ತೆ. ಅಷ್ಟರೊಳಗೆ ಪೂರ್ತಿ ಶಿಫ್ಟ್ ನಿಂತು ಕತ್ತರಿಸಿದ್ರೆ ಮಷಿನ್ ನಂದು. ಇಲ್ಲಾಂದ್ರೆ ಹೊಸ ಕಟ್ಟರ್‌ಗೆ. ನನಗೆ ಚೆಕಿಂಗ್ ಟೇಬಲ್."

"ದಾರ ಕತ್ತರಿಸೋದಾ? ಕೂತು ಮಾಡೋ ಕೆಲಸ. ಒಳ್ಳೇದೇ ಆಯ್ತಲ್ಲ," ಅಂದಳು ಅಜ್ಜಿ.

ಅಮ್ಮ ತಟ್ಟೆಯಿಂದ ತಲೆಯೆತ್ತಲಿಲ್ಲ. "ಹತ್ತೊಂಬತ್ತನೇ ವಯಸ್ಸಲ್ಲಿ ನಾನು ಆ ಟೇಬಲ್‌ನಿಂದಲೇ ಶುರು ಮಾಡಿದ್ದು, ಅತ್ತೆ."

ಅಜ್ಜಿ ಬ್ರೆಡ್ಡನ್ನು ಬೇಳೆಯಲ್ಲಿ ಅದ್ದಿ ತಿಂದಳು. ಲೆಕ್ಕ ಎಲ್ಲರಿಗೂ ಗೊತ್ತಿತ್ತು. ದಾರ ಕತ್ತರಿಸಿ ನಾಲ್ಕು ವರ್ಷ, ಹೊಲಿಗೆ ಮಷಿನ್ ತುಳಿದು ಒಂಬತ್ತು, ಹಳೆಯ ಮಾಸ್ಟರ್ ಕೈಕೆಳಗೆ ಬಟ್ಟೆ ಹಾಸಿ ಗೆರೆ ಹಾಕುತ್ತಾ ಆರು. ಅವರು ನಿವೃತ್ತರಾದ ಮೇಲೆ ಮಷಿನ್ ಇವಳ ಕೈಗೆ ಬಂದು ಮೂರು ವರ್ಷವಾಗಿತ್ತು.

ಮಾರನೆಯ ದಿನ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಡಿಗ್ರಿ ಮುಗಿಸಿ ಮನೆಯಲ್ಲಿದ್ದವಳು ನಾನೊಬ್ಬಳೇ. ಡಾಕ್ಟರು ಅಮ್ಮನ ಮಂಡಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿದರು, ಹಿಮ್ಮಡಿಯ ಮೇಲೆ ನಡೆಸಿದರು, ಕಾಲು ಜೋಮು ಹಿಡಿಯುತ್ತದೆಯೇ, ಜ್ವರ ಬಂದಿತ್ತೇ, ಮೂತ್ರಕ್ಕೇನಾದರೂ ತೊಂದರೆಯೇ ಎಂದು ಕೇಳಿದರು. ಎಲ್ಲಕ್ಕೂ ಇಲ್ಲ ಅಂದಳು. "ಹೆದರೋ ಅಂಥದ್ದೇನಿಲ್ಲ. ಸದ್ಯಕ್ಕೆ ಸ್ಕ್ಯಾನ್ ಬೇಡ," ಎಂದು ಪಕ್ಕದ ಕೋಣೆಯ ಫಿಸಿಯೋ ಮೇಡಂ ಹತ್ತಿರ ಕಳಿಸಿದರು. ಚೀಟಿಯ ಮೇಲೆ ಅವಳ ಕೆಲಸವೇನೆಂದು ಬರೆಯಲಿಲ್ಲ; ನಮ್ಮನ್ನೂ ಯಾರೂ ಕೇಳಲಿಲ್ಲ.

ಮೇಡಂ ಒಂದು ಕಾಗದ ಮುಂದಿಟ್ಟರು. ಅದರ ಮೇಲೆ ಒಂದು ಗೆರೆ, ಗೆರೆಯ ಮೇಲೆ ಸೊನ್ನೆಯಿಂದ ಹತ್ತು.

"ಸೊನ್ನೆ ಅಂದ್ರೆ ನೋವೇ ಇಲ್ಲ. ಹತ್ತು ಅಂದ್ರೆ ಇದಕ್ಕಿಂತ ಹೆಚ್ಚು ನೋವು ಇರಕ್ಕೇ ಸಾಧ್ಯವಿಲ್ಲ. ಈಗ ಎಷ್ಟು?"

"ನೋವಿಗೆ ಟೇಪ್ ಹಿಡಿಯಕ್ಕಾಗುತ್ತಾ ಮೇಡಂ?"

"ನೀವೇ ಹಿಡೀಬೇಕು. ನಿಮ್ಮ ಸೊಂಟಕ್ಕೆ ನೀವೇ ದರ್ಜಿ."

ಅಮ್ಮ ನಕ್ಕಳು, ನಕ್ಕು ನೋವಾಗಿ ಟೇಬಲ್ಲು ಹಿಡಿದಳು. "ಮೂರು ಇರಬಹುದು," ಅಂದಳು.

ಮೇಡಂ ಅವಳ ಕೈಯನ್ನು ನೋಡಿದರು. ಬೆರಳ ಗೆಣ್ಣುಗಳು ಬೆಳ್ಳಗಾಗಿದ್ದವು. ಆಮೇಲೆ ನನ್ನ ಕಡೆ ತಿರುಗಿದರು. "ಬರೆಯೋ ಅಭ್ಯಾಸ ಇದೆಯಾ ನಿಮಗೆ? ಯಾವ ಹೊತ್ತಲ್ಲಿ ಎಷ್ಟು ನೋವು, ಯಾವ ಸಾಧನ ಹಾಕಿದ್ರೆ ಎಷ್ಟು ಇಳೀತು, ಎರಡು ವಾರ ಬರೀರಿ. ಮನೇಲಿ ಏನೇನಿದೆ?"

ನಾನು ಪಟ್ಟಿ ಹೇಳಿದೆ. "ನಮ್ಮ ಆಸ್ಪತ್ರೇಲೂ ಇಷ್ಟಿಲ್ಲ," ಅಂದರು. ಅಮ್ಮನಿಗೆ ನಾಲ್ಕು ವ್ಯಾಯಾಮ ಹೇಳಿಕೊಟ್ಟು ಕಳಿಸಿದರು.

ಬರೆಯುವ ಅಭ್ಯಾಸವಿತ್ತು. ಹಳೆಯ ಕಾಲೇಜು ನೋಟ್‌ಬುಕ್ಕಿನ ಹಿಂದಿನ ಪುಟಗಳಿಗೆ ಕಾಲಂ ಎಳೆದೆ: ದಿನ, ಹೊತ್ತು, ಸಾಧನ, ಮೊದಲು, ಆಮೇಲೆ. ಚಿಕ್ಕಪ್ಪ ಅದನ್ನು ನೋಡಿದ ದಿನದಿಂದ ನನ್ನನ್ನು ಗುಮಾಸ್ತೆ ಎಂದು ಕರೆಯತೊಡಗಿದ.

"ಏನ್ ಗುಮಾಸ್ತೆ, ನಮ್ಮ ಡಬ್ಬಿಗೆ ಎಷ್ಟು ಮಾರ್ಕ್ಸು?"

"ನಿನ್ನ ಡಬ್ಬೀನ ನಿಮ್ಮಣ್ಣ ಬಿಚ್ಚಿ ಹಾಕಿದಾನೆ, ಹೋಗಿ ನೋಡು," ಅಂದಳು ಅಜ್ಜಿ.

ಅಪ್ಪನಿಗೆ ಮಿಕ್ಸಿ, ಫ್ಯಾನು, ಇಸ್ತ್ರಿಪೆಟ್ಟಿಗೆ ರಿಪೇರಿಯ ಅಂಗಡಿ. ಮುಚ್ಚಿದ ವಸ್ತು ಕೈಗೆ ಬಂದರೆ ಅವನಿಂದ ಸುಮ್ಮನಿರಲಾಗುವುದಿಲ್ಲ. ಭಾನುವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಹಳೇ ಪೇಪರ್ ಹಾಸಿ ಮೂರನ್ನೂ ಬಿಚ್ಚಿ ಕೂತಿದ್ದ.

"ಅಣ್ಣ, ಅದು ಅಂಗಡೀದು," ಅಂದ ಚಿಕ್ಕಪ್ಪ.

"ಗೊತ್ತು. ಅದಕ್ಕೇ ಜೋಪಾನವಾಗಿ ಬಿಚ್ಚಿದೀನಿ. ನೋಡು, ಈ ಪ್ಯಾಡು ಇದೆಯಲ್ಲ, ಇದು ಇಸ್ತ್ರಿಪೆಟ್ಟಿಗೆ ತಮ್ಮ. ಒಂದು ತಂತಿ, ಬಿಸಿ ಹೆಚ್ಚಾದ್ರೆ ತಾನೇ ಆಫ್ ಆಗೋ ಒಂದು ಗುಂಡಿ. ಮಸಾಜ್ ಮಷಿನ್ನು ಅಂದ್ರೆ ಮೋಟಾರ್ ತುದೀಲಿ ವಾರೆಯಾಗಿ ಕೂರಿಸಿದ ಒಂದು ತೂಕ. ಬುಷ್ ಸವೆದ ಮಿಕ್ಸೀನೂ ಇದೇ ಮಸಾಜ್ ಮಾಡುತ್ತೆ. ಜನ ಅದನ್ನ ರಿಪೇರಿಗೆ ತರ್ತಾರೆ, ಇದನ್ನ ದುಡ್ಡು ಕೊಟ್ಟು ಒಯ್ತಾರೆ."

"ಮತ್ತೆ ಆ ಡಬ್ಬಿ?" ಅಂದೆ.

"ಅದೇ ತಿಳೀತಿಲ್ಲ." ಅಪ್ಪ ಡಬ್ಬಿಯನ್ನು ಮತ್ತೆ ಮುಚ್ಚಿ, ಎರಡು ಬಿಲ್ಲೆಗಳನ್ನು ತನ್ನ ಮುಂಗೈಗೆ ಅಂಟಿಸಿಕೊಂಡು ಗುಂಡಿ ಒತ್ತಿದ. ಅವನ ಕಿರುಬೆರಳು ಮತ್ತು ಅದರ ಪಕ್ಕದ ಬೆರಳು ತಮ್ಮಷ್ಟಕ್ಕೆ ತಾವೇ ಮೇಜನ್ನು ಕುಟ್ಟತೊಡಗಿದವು. ಅಜ್ಜಿ ತನ್ನ ಟೀ ಲೋಟವನ್ನು ದೂರ ಸರಿಸಿಕೊಂಡಳು.

"ಎದೆ ಮೇಲೆ ಹಾಕ್ಕೋಬೇಡ, ಕುತ್ತಿಗೆ ಮುಂದೆ ಹಾಕ್ಕೋಬೇಡ," ಎಂದು ಚಿಕ್ಕಪ್ಪ ಅಂಗಡಿಯ ದನಿಯಲ್ಲಿ ಒಪ್ಪಿಸಿದ. "ಹೃದಯಕ್ಕೆ ಪೇಸ್‌ಮೇಕರ್ ಕೂರಿಸಿದೋರು, ಬಸುರಿಯರು ಬಳಸಬಾರದು."

"ನಾನು ಎರಡೂ ಅಲ್ಲ," ಅಂದ ಅಪ್ಪ.

ಆ ಎರಡು ವಾರ ಮನೆಯಲ್ಲಿ ಅಮ್ಮನಿಗೆ ಒಂದು ಲೋಟ ಎತ್ತಲೂ ಬಿಡಲಿಲ್ಲ. ಕೆಲಸದಿಂದ ಬಂದ ಕೂಡಲೇ ಮಲಗಬೇಕು, ಭಾನುವಾರವಿಡೀ ಮಲಗಬೇಕು. ಇದು ಅಜ್ಜಿಯ ಕಾನೂನು. ಅಡುಗೆ ಅಜ್ಜಿಯ ಪಾಲಿಗೆ, ಬಟ್ಟೆ ನನ್ನ ಪಾಲಿಗೆ, ಪಾತ್ರೆ ಅಪ್ಪನ ಪಾಲಿಗೆ ಬಂದವು.

"ಲೋಟದಲ್ಲಿ ಸೋಪು ಹಾಗೇ ಇದೆಯಲ್ಲೋ," ಅನ್ನುತ್ತಿದ್ದಳು ಅಜ್ಜಿ.

"ಒಳ್ಳೇದಲ್ವಾ? ನಾಳೆ ತೊಳೆಯೋವಾಗ ಹಾಕೋದು ಬೇಡ."

"ನಲವತ್ತು ವರ್ಷ ತಾಯಿ ಕೈಲಿ ತಿಂದು, ಹೆಂಡ್ತಿ ಕೈಲಿ ತಿಂದು, ಒಂದು ಲೋಟ ತೊಳೆಯಕ್ಕೆ ಬರಲ್ಲ ಅಂದ್ರೆ."

"ನೀನೇ ಕಲಿಸಲಿಲ್ಲ ಅಂತ ಅರ್ಥ ಆಯ್ತಲ್ಲಮ್ಮ."

ಒಳಗಿನಿಂದ ಅಮ್ಮ, "ನಾನು ಎದ್ದು ಬರ್ಲಾ?" ಅನ್ನುತ್ತಿದ್ದಳು. ಮೂರು ಬಾಯಿ ಒಟ್ಟಿಗೆ "ಬೇಡ" ಅನ್ನುತ್ತಿದ್ದವು.

ಎರಡು ವಾರವಾದ ಮೇಲೆ ನೋಟ್‌ಬುಕ್ಕನ್ನು ಮೇಡಂ ಮುಂದಿಟ್ಟೆ. ಅವರು ಬೆರಳಿಟ್ಟು ಪುಟವಿಡೀ ಇಳಿದರು. "ಬಿಸಿನೀರಿನ ಚೀಲ, ಆರರಿಂದ ಮೂರು. ಬೆಲ್ಟು, ಆರರಿಂದ ಮೂರು. ಪ್ಯಾಡು, ಮಸಾಜು, ಬಿಲ್ಲೆ, ಎಲ್ಲಾ ಆರರಿಂದ ಮೂರು. ಇಷ್ಟು ನ್ಯಾಯವಾಗಿ ಕೆಲಸ ಮಾಡೋ ಸಾಧನಗಳನ್ನ ನಾನು ನೋಡೇ ಇಲ್ಲ." ಆಮೇಲೆ ಮೆಲ್ಲಗೆ ಕೇಳಿದರು, "ನಂಬರ್ ಕೇಳೋವಾಗ ಪಕ್ಕದಲ್ಲಿ ಯಾರಿರ್ತಾರೆ?"

ಬಸ್ಸಿನಲ್ಲಿ ಬರುವಾಗ ಒಂದೊಂದೇ ಸಾಲು ನೆನಪು ಮಾಡಿಕೊಂಡೆ. ಚೀಲದ ಸಾಲು ಬರೆಯುವಾಗಲೆಲ್ಲ ಅಜ್ಜಿ ಹಾಸಿಗೆಯ ಅಂಚಿನಲ್ಲೇ ಕೂತಿರುತ್ತಿದ್ದಳು. ಬೆಲ್ಟಿನ ಸಾಲಿಗೆ ಅಪ್ಪ. ಮಸಾಜಿನ ಸಾಲಿಗೆ ಚಿಕ್ಕಪ್ಪ, ಅದೂ ಮಷಿನ್ನನ್ನು ತಾನೇ ಹಿಡಿದುಕೊಂಡು. ಮನೆಗೆ ಬಂದು, ಅಮ್ಮ ಒಬ್ಬಳೇ ಇದ್ದಾಗ ಕೇಳಿದೆ.

"ಅಮ್ಮ, ಅಜ್ಜಿ ಚೀಲದಿಂದ ನಿಜವಾಗ್ಲೂ ಕಮ್ಮಿ ಆಗುತ್ತಾ?"

"ಬರೆದಿದೀಯಲ್ಲ."

"ನೀನು ಹೇಳಿದ್ದು ಬರೆದೆ."

ಅಮ್ಮ ಬಾಗಿಲ ಕಡೆ ಒಮ್ಮೆ ನೋಡಿದಳು. "ಅವರು ನಡುಗೋ ಕೈಯಲ್ಲಿ ನೀರು ಕಾಯಿಸಿ, ತುಂಬಿ, ತರೋಷ್ಟರಲ್ಲಿ ಅದು ಉಗುರುಬೆಚ್ಚಗಾಗಿರುತ್ತೆ. ಏನೂ ಆಗ್ಲಿಲ್ಲ ಅತ್ತೆ ಅನ್ಲಾ?"

"ಅಪ್ಪನಿಗೆ?"

"ಪಾತ್ರೆ ಬೇರೆ ತೊಳೀತಿದಾರೆ, ಪಾಪ."

"ನಾನೊಬ್ಳೇ ಕೇಳಿದಾಗ್ಲೂ ಮೂರೇ ಹೇಳಿದೀಯ."

"ನಿನಗೆ ಏಳು ಅಂದ್ರೆ ನಿನ್ನ ಮುಖ ಏಳು ದಿನ ಹಾಗೇ ಇರುತ್ತೆ."

ತಿಂಗಳ ಕೊನೆಗೆ ಇನ್ನು ಹದಿನಾರು ದಿನ ಉಳಿದಿತ್ತು. ಹದಿನಾಲ್ಕು ದಿನದ ಲೆಕ್ಕ ಬರೀ ಮರ್ಯಾದೆಯ ಲೆಕ್ಕವಾಗಿ ಹೋಗಿತ್ತು. ಕೊನೆಗೆ ಅಂದೆ, "ನನಗೆ ಹೇಳಬೇಡ. ಯಾರಿಗೂ ಹೇಳಬೇಡ. ನಿನ್ನ ಚಾಕಿನಿಂದ ಬೀರುವಿನ ಬಾಗಿಲ ಒಳಗಡೆ ಬರಿ. ಒಂದು ವಾರ ನಾವು ಯಾರೂ ಆ ಬಾಗಿಲು ತೆಗೆಯಲ್ಲ. ಮೇಡಂ ಹತ್ತಿರ ಆಣೆ ಮಾಡಿ ಬಂದಿದೀನಿ."

ಆಣೆಯ ಮಾತು ಸುಳ್ಳು. ಆದರೆ ಚಾಕಿನ ಮಾತು ಅವಳಿಗೆ ಹಿಡಿಸಿತು. ಕಾರ್ಖಾನೆಯಲ್ಲೂ ಕತ್ತರಿಸಿದ ಪ್ರತಿ ಕಟ್ಟಿನ ಮೇಲೆ ಅವಳು ಚಾಕಿನಲ್ಲೇ ಅಳತೆ ಬರೆಯುವುದು. ಅಲ್ಲಿ ಮೂವತ್ತೆರಡನ್ನು ಯಾರಿಗೋ ಬೇಜಾರಾಗುತ್ತದೆಂದು ಮೂವತ್ತು ಎಂದು ಬರೆಯಲಾಗುವುದಿಲ್ಲ. ಕೆಲಸದ ಹೊತ್ತಿನ ನಂಬರುಗಳನ್ನು ಚೂರು ಬಟ್ಟೆಯ ಮೇಲೆ ಗುರುತು ಹಾಕಿಕೊಂಡು ಬಂದು ಸಂಜೆ ಬಾಗಿಲಿಗೆ ಇಳಿಸುತ್ತಿದ್ದಳು. ಆ ವಾರ ಅಪ್ಪ ಇಸ್ತ್ರಿಯಿಲ್ಲದ ಎರಡೇ ಅಂಗಿಗಳನ್ನು ತಿರುಗಿಸಿ ಮುರುಗಿಸಿ ಹಾಕಿಕೊಂಡು ಓಡಾಡಿದ. ಅವನ ಬಟ್ಟೆಯೆಲ್ಲ ಬೀರುವಿನಲ್ಲಿತ್ತು.

ಎಂಟನೆಯ ದಿನ ಬಾಗಿಲು ತೆಗೆದೆವು. ಚಿಕ್ಕಪ್ಪ ಟಾರ್ಚ್ ಹಿಡಿದ. ಕಪ್ಪು ಬಣ್ಣದ ಮರದ ಮೇಲೆ ಬಿಳಿಯ ಅಂಕಿಗಳು, ಕಟ್ಟುಗಳ ಮೇಲೆ ಬರೆಯುವಂತೆಯೇ ಸಾಲಾಗಿ, ದುಂಡಗೆ. ಅಲ್ಲಿ ಮೂರು ಎಂಬ ಅಂಕಿ ಎಲ್ಲೋ ಒಂದೆರಡು ಕಡೆ ಮಾತ್ರ ಇತ್ತು.

"ಸೋಮವಾರ ಬೆಳಿಗ್ಗೆ ಎಂಟು," ಎಂದು ಅಪ್ಪ ಓದಿದ. "ಭಾನುವಾರ ಪೂರ್ತಿ ಮಲಗಿದ್ದೆಯಲ್ಲ?"

"ಅದಕ್ಕೇ ಎಂಟು," ಅಂದಳು ಅಮ್ಮ. "ಹಲಗೆ ಹಾಗೆ ಆಗಿತ್ತು ಸೊಂಟ. ಬಸ್ ತಪ್ಪಿ ನಡಕೊಂಡು ಹೋದೆ ನೋಡಿ, ಅಲ್ಲಿ ಕೆಳಗೆ ಐದು ಅಂತಿದೆ."

ಅಜ್ಜಿ ಕನ್ನಡಕ ಸರಿಮಾಡಿಕೊಂಡಳು. "ಹಾಗಾದ್ರೆ ನಾವು ಮಲಗಿಸಿ ಮಲಗಿಸಿ ಕೆಡಿಸಿದ್ವಾ?"

ಉತ್ತರ ಬಾಗಿಲೇ ಹೇಳುತ್ತಿತ್ತು. ಬಿಸಿ ಪ್ಯಾಡು ಎರಡು ಅಂಕಿ ಇಳಿಸುತ್ತಿತ್ತು, ಒಂದು ಗಂಟೆಯ ಮಟ್ಟಿಗೆ. ಬಿಲ್ಲೆಯ ಡಬ್ಬಿ ಚಾಲೂ ಇರುವಷ್ಟು ಹೊತ್ತು ನಾಲ್ಕು, ತೆಗೆದ ಮೇಲೆ ಮತ್ತೆ ಆರು. ಬೆಲ್ಟು ದಿನವಿಡೀ ಬಿಗಿದ ದಿನ ಸಂಜೆ ಬಿಚ್ಚಿದರೆ ಏಳು. ಮಸಾಜ್ ಮಷಿನ್ನಿನ ಮುಂದೆ ಅಂಕಿಯ ಬದಲು ಒಂದು ಅಡ್ಡಗೆರೆ ಇತ್ತು.

"ಅಡ್ಡಗೆರೆ ಅಂದ್ರೇನು ಅತ್ತಿಗೆ?"

"ಕಾರ್ಖಾನೇಲಿ ಬೇಡದ ಪೀಸಿಗೆ ಹಾಗೆ ಹಾಕ್ತೀವಪ್ಪ."

ಚಿಕ್ಕಪ್ಪ ಮಷಿನ್ನನ್ನು ಅಂದೇ ಡಬ್ಬಕ್ಕೆ ತುಂಬಿದ.

ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ಕೆಲಸದ ದಿನಗಳಲ್ಲಿ ಹನ್ನೊಂದು ಗಂಟೆಯ ಹೊತ್ತಿಗೆ ಕೆಲವು ಕಡೆ ಎಂಟು, ಕೆಲವು ಕಡೆ ನಾಲ್ಕು. ಎಂಟರ ಪಕ್ಕ ಅವಳೇ 'ಕ' ಎಂದು ಬರೆದಿದ್ದಳು, ನಾಲ್ಕರ ಪಕ್ಕ 'ಗೆ'. ಕತ್ತರಿಸುವ ದಿನ, ಗೆರೆ ಹಾಕುವ ದಿನ. ಎರಡೂ ಅದೇ ಮೇಜು, ಅದೇ ಎತ್ತರ, ಅಷ್ಟೇ ಹೊತ್ತು ನಿಲ್ಲುವ ಕೆಲಸ.

ಬಾಗಿಲಿನ ಫೋಟೋ ನೋಡಿದ ಮೇಡಂ ಮೊದಲು ಸಾಧನಗಳ ಮಾತು ಮುಗಿಸಿದರು. "ಬಿಲ್ಲೆ ನೋವನ್ನ ವಾಸಿ ಮಾಡಲ್ಲ. ನೋವಿನ ಸುದ್ದಿ ತಲೆಗೆ ಹೋಗೋ ದಾರೀಲಿ ಗದ್ದಲ ಎಬ್ಬಿಸುತ್ತೆ, ಅಷ್ಟೇ. ಬಿಸಿ ಬಿಗಿತ ಬಿಡಿಸುತ್ತೆ. ಎರಡೂ ತಪ್ಪಲ್ಲ. ಆದ್ರೆ ಆ ಒಂದು ಗಂಟೇನ ಮಲಗಕ್ಕೆ ಬಳಸಬೇಡಿ, ಓಡಾಡಕ್ಕೆ, ನಾನು ಹೇಳಿಕೊಟ್ಟ ವ್ಯಾಯಾಮಕ್ಕೆ ಬಳಸಿ. ಬೆಲ್ಟು ಭಾರ ಎತ್ತೋ ಹೊತ್ತಿಗೆ ಮಾತ್ರ." ಆಮೇಲೆ 'ಕ' ಮೇಲೆ ಬೆರಳಿಟ್ಟರು. "ಇದನ್ನ ನೀವೇ ಹೋಗಿ ನೋಡಿ ಬನ್ನಿ."

ನನಗೆ ಅಪರಿಚಿತರ ನಡುವೆ ಹೋಗಿ ಕೂರುವುದೆಂದರೆ ಆಗುವುದಿಲ್ಲ. ಆದರೂ ಶುಕ್ರವಾರ ಅಮ್ಮನ ಊಟದ ಡಬ್ಬಿ ಒಯ್ಯುವ ನೆಪದಲ್ಲಿ ಹತ್ತಕ್ಕೇ ಹೋದೆ. ಸೂಪರ್‌ವೈಸರು, "ಮಾಸ್ಟ್ರಮ್ಮನ ಮಗಳಾ? ಕೂತ್ಕೊಳಮ್ಮ," ಎಂದು ಬಟ್ಟೆಯ ಉರುಳೆಗಳ ಕಡೆ ಕೈತೋರಿಸಿ ಹೋದರು. ಕೈಯಲ್ಲಿದ್ದ ನೋಟ್‌ಬುಕ್ ನೋಡಿ ಹೊಸ ಕಟ್ಟರ್ ನನ್ನನ್ನು ಕಂಪನಿಯ ದೊಡ್ಡ ಆಫೀಸಿನವಳೆಂದು ತಿಳಿದಿರಬೇಕು. ಪಕ್ಕದ ಸಣ್ಣ ಮೇಜಿನ ಮೇಲೆ ಕಾಲರ್ ಕತ್ತರಿಸುತ್ತಿದ್ದವನು ಬೆನ್ನು ನೆಟ್ಟಗೆ ಮಾಡಿಕೊಂಡು, ನೆಲದ ಚೂರುಗಳನ್ನೆಲ್ಲ ಕಾಲಿನಿಂದ ಮೇಜಿನಡಿಗೆ ತಳ್ಳಿದ.

ದೊಡ್ಡ ಮೇಜಿನ ಎಡತುದಿಯ ಗೋಡೆಯಲ್ಲಿ, ತಲೆಯ ಮಟ್ಟಕ್ಕೆ, ಒಂದು ಕಬ್ಬಿಣದ ಕೊಕ್ಕೆ. ಪ್ಲಗ್ಗಿನಿಂದ ಬಂದ ವೈರು ಆ ಕೊಕ್ಕೆಯ ಮೇಲೆ ಹಾದು ಕಟಿಂಗ್ ಮಷಿನ್ನಿಗೆ ಇಳಿಯುತ್ತಿತ್ತು. ಅಮ್ಮ ಹಿಡಿದದ್ದು ಬಲಗೈಯಲ್ಲಿ. ವೈರು ಅವಳ ಎದೆಯ ಮುಂದೆ ಅಡ್ಡಲಾಗಿ ಹಾದು, ಅಲಗು ಹೋಗುವ ದಾರಿಗೇ ಬೀಳುತ್ತಿತ್ತು. ಗೆರೆ ತಿರುಗಿದಾಗಲೆಲ್ಲ ಅವಳು ಎಡ ಮೊಣಕೈಯಿಂದ ವೈರನ್ನು ಸಿಕ್ಕಿಸಿ ಹಿಂದಕ್ಕೆ ಎಳೆದು, ಸೊಂಟವನ್ನು ಎಡಕ್ಕೆ ತಿರುಚಿ, ಹಾಗೆ ತಿರುಚಿಕೊಂಡೇ ಮುಂದಕ್ಕೆ ಬಾಗಿ ಕತ್ತರಿಸುತ್ತಿದ್ದಳು. ಎಡಗೈ ವೈರಿಗೆ ಹೋದ್ದರಿಂದ ಬಟ್ಟೆಯನ್ನು ಅದುಮಿ ಹಿಡಿಯಲು ಕೈಯಿಲ್ಲ. ಹೊಟ್ಟೆಯನ್ನೇ ಮೇಜಿನ ಅಂಚಿಗೆ ಒತ್ತುತ್ತಿದ್ದಳು. ಎಣಿಸಿದೆ. ಒಂದು ಗಂಟೆಯಲ್ಲಿ ಅರವತ್ತೆರಡು ಸಲ.

ಊಟದ ಬಿಡುವಿನಲ್ಲಿ ಕೇಳಿದೆ. "ಆ ಕೊಕ್ಕೆ ಯಾಕಮ್ಮ ಆ ಕಡೆ ಇದೆ?"

"ಮಾಸ್ಟರ್ ಹಾಕಿದ್ದು. ಅವರು ಎಡಚರು. ಅವರ ಕೈಗೆ ವೈರು ಹೊರಗಡೆಯಿಂದ ಬರ್ತಿತ್ತು, ಅಡ್ಡ ಆಗ್ತಿರಲಿಲ್ಲ."

"ನಿನಗೆ ಅಡ್ಡ ಆಗುತ್ತಲ್ಲ."

"ಅಭ್ಯಾಸ ಆಗಿದೆ."

"ಬಲಗಡೆ ಹಾಕಿಸಬಹುದಿತ್ತಲ್ಲ?"

ಅಮ್ಮ ಮೊಟ್ಟೆಯ ಸಿಪ್ಪೆ ಬಿಡಿಸುವುದನ್ನು ನಿಲ್ಲಿಸಿದಳು. "ಅವರ ಕೈಯಾರೆ ಹೊಡೆದ ಕೊಕ್ಕೆ ಅದು. ಮಷಿನ್ ಇವಳಿಗೇ ಕೊಡಿ ಅಂತ ಮಾಲೀಕರ ಹತ್ರ ಮೂರು ಸಲ ಹೋಗಿ ಕೂತವರು. ಅವರು ಅತ್ತ ಹೋಗಿದ್ದೇ ತಡ, ಇತ್ತ ನಾನು ಕಿತ್ತು ಹಾಕಿದೆ ಅಂದ್ರೆ ಹೇಗಿರುತ್ತೆ? ಅದೂ ಅಲ್ದೆ, ಅದು ಸರಿ ಇಲ್ಲ, ಇದು ಸರಿ ಇಲ್ಲ ಅಂದ್ರೆ, ಹೆಂಗಸಿನ ಕೈಲಿ ಆಗಲ್ಲ ಅಂತ ಆಗ್ಲೇ ಅಂದಿರಲಿಲ್ವಾ ಅಂತಾರೆ."

ಆ ಸಂಜೆ ಊಟದ ಹೊತ್ತಿಗೆ ಇದೇ ಮಾತು. ಅಪ್ಪ ಆಗಲೇ ಪೇಪರಿನ ಅಂಚಿನಲ್ಲಿ ಚಿತ್ರ ಬರೆದಿದ್ದ. ಗೋಡೆಯೇ ಬೇಡ, ಮೇಜಿನ ಉದ್ದಕ್ಕೂ ಮೇಲೆ ಒಂದು ಪರದೆಯ ಸರಳು, ಅದರಲ್ಲಿ ನಾಲ್ಕು ಬಳೆ, ಬಳೆಗೆ ವೈರು. ಕೈ ಹೋದ ಕಡೆ ವೈರು ಜಾರಿಕೊಂಡು ಬರುತ್ತದೆ.

"ಅರ್ಧ ದಿನದ ಕೆಲಸ," ಅಂದ. "ಭಾನುವಾರ ಬೀಗದ ಕೈ ಕೊಟ್ರೆ ಸಾಕು."

"ಮಾಸ್ಟರ್‌ನ ಕೇಳದೆ ಬೇಡ ರೀ."

"ಸೊಂಟ ನಿಂದಾ, ಅವರದಾ?"

"ಕೊಕ್ಕೆ ಅವರದು."

"ಅವರ ಕೊಕ್ಕೆ ಉಳೀಲಿ, ನಿನ್ನ ಕೆಲಸ ಹೋಗ್ಲಿ, ಹಾಗಾ?" ಅಪ್ಪ ದನಿ ಎತ್ತುವುದು ಅಪರೂಪ. "ಹತ್ತು ದಿನ ಇಲ್ಲ ಇನ್ನು."

ಅಮ್ಮ ಎದ್ದು ಒಳಗೆ ಹೋದಳು. ಅಜ್ಜಿ ಮಗನ ತಟ್ಟೆಗೆ ಆಲೂಗಡ್ಡೆ ಬಡಿಸುತ್ತಾ ಅಂದಳು, "ಕೂಗಾಡಬೇಡ. ಅವಳು ಕೇಳ್ತೀನಿ ಅಂದಳಲ್ಲ, ಬೇಡ ಅನ್ನಲಿಲ್ಲವಲ್ಲ. ಕೇಳಲಿ ಬಿಡು."

ಮಾಸ್ಟರ ಮನೆ ಎರಡು ಬಸ್ ಸ್ಟಾಪು ಆಚೆ, ಒಂದು ಔಷಧಿ ಅಂಗಡಿಯ ಮಹಡಿಯಲ್ಲಿ. ಶನಿವಾರ ಸಂಜೆ ಅಮ್ಮ, ನಾನು ನಡೆದೇ ಹೋದೆವು. ದಾರಿಯುದ್ದಕ್ಕೂ ಅವಳು ಏನು ಹೇಳಬೇಕೆಂದು ಜೋಡಿಸಿಕೊಳ್ಳುತ್ತಾ ಇದ್ದಳು. "ತಪ್ಪು ತಿಳ್ಕೋಬೇಡಿ ಅಂತ ಶುರು ಮಾಡ್ಲಾ? ಇಲ್ಲ, ಮೊದಲು ಆರೋಗ್ಯ ವಿಚಾರಿಸ್ತೀನಿ." ಸೂಪರ್‌ವೈಸರ ಮುಂದೆ ಹೋಗುವಾಗಲೂ ಅವಳು ಇಷ್ಟು ಹೆದರಿದ್ದನ್ನು ನಾನು ಕಂಡಿರಲಿಲ್ಲ.

ಮಾಸ್ಟರು ಕಿಟಕಿಯ ಹತ್ತಿರ ಕೂತು ಎಡಗೈಯಲ್ಲಿ ಸೌತೆಕಾಯಿ ಹೆಚ್ಚುತ್ತಿದ್ದರು. ಹೋಳುಗಳೆಲ್ಲ ಒಂದೇ ದಪ್ಪ. ಅಮ್ಮ ಕುರ್ಚಿಯ ತುದಿಯಲ್ಲಿ ಕೂತು ಆರೋಗ್ಯ ವಿಚಾರಿಸಿದಳು, ಬಿಸಿಲಿನ ಮಾತಾಡಿದಳು, ನನ್ನ ಡಿಗ್ರಿಯ ಮಾತಾಡಿದಳು. ಕೊನೆಗೆ ಅವರೇ ಅಂದರು, "ಕೂರೋ ರೀತಿ ನೋಡಿದ್ರೆ ನಿನ್ನ ಸೊಂಟ ಹಿಡಿದಿದೆ. ಯಾಕಮ್ಮ?"

ಅಮ್ಮ ತಲೆ ತಗ್ಗಿಸಿ ಕೊಕ್ಕೆಯ ವಿಷಯ ಹೇಳಿದಳು.

ಮಾಸ್ಟರು ಚಾಕು ಕೆಳಗಿಟ್ಟರು. "ಅದು ಇನ್ನೂ ಅಲ್ಲೇ ಇದೆಯಾ?"

"ಇದೆ ಮಾಸ್ಟರ್. ನಾನು ಮುಟ್ಟಿಲ್ಲ."

"ಹೋಗೋ ದಿನ ಅದರ ಎರಡು ಸ್ಕ್ರೂನೂ ನಾನೇ ಸಡಿಲ ಮಾಡಿ ಬಂದಿದ್ದೆನಲ್ಲ. ನೀನು ಬಲಗೈಯವಳು, ಮಾರನೇ ದಿನ ಅದನ್ನ ತೆಗೆದು ನಿನಗೆ ಬೇಕಾದ ಕಡೆ ಹಾಕ್ಕೋಬೇಕು ಅಂತ. ತುಕ್ಕು ಹಿಡಿದಿತ್ತು, ನಿನ್ನ ಕೈಗೆ ಬರಲ್ಲ ಅಂತ ಎಣ್ಣೆ ಬಿಟ್ಟು ತಿರುಗಿಸಿದ್ದೆ."

ಅಮ್ಮ ತಲೆಯೆತ್ತಿದಳು. "ಅದು ಅಲ್ಲಾಡ್ತಿತ್ತು ಮಾಸ್ಟರ್. ಮಾರನೇ ದಿನವೇ ನಾನು ಬಿಗಿ ಮಾಡಿದೆ. ನಿಮ್ಮ ಕೊಕ್ಕೆ ಬಿದ್ದು ಹೋಗುತ್ತಲ್ಲ ಅಂತ."

"ಬಿಗಿ ಮಾಡಿದ್ಯಾ?"

"ಎರಡು ಸಲ."

ಅವರು ನಗತೊಡಗಿದರು. ಅಮ್ಮನೂ ನಕ್ಕಳು, ಕಣ್ಣು ಒರೆಸಿಕೊಂಡಳು. "ಬಾಯಿ ಬಿಟ್ಟು ಹೇಳಿದ್ರೆ ಏನಾಗ್ತಿತ್ತು ನನಗೆ," ಎಂದು ಮಾಸ್ಟರು ಸೌತೆಕಾಯಿಯ ತಟ್ಟೆಯನ್ನು ನಮ್ಮ ಕಡೆ ತಳ್ಳಿದರು. "ನನ್ನ ಹೆಂಡತಿ ಇದ್ದಾಗ ಇದೇ ಹೇಳ್ತಿದ್ದಳು."

ಭಾನುವಾರ ಅಪ್ಪ, ಚಿಕ್ಕಪ್ಪ ಏಣಿ ಹೊತ್ತುಕೊಂಡು ಹೋದರು. ಬೀಗದ ಕೈ ಕೇಳಲು ಅಮ್ಮನೇ ಸೂಪರ್‌ವೈಸರ ಮುಂದೆ ನಿಂತು, "ಹನ್ನೊಂದು ಗಂಟೆಗೆ ನನಗೆ ಎಂಟು ಇರುತ್ತೆ ಸಾರ್. ಈ ವೈರು ಮೇಲಿಂದ ಬಂದ್ರೆ, ಗಂಟೆಗೊಂದು ಸಲ ಐದು ನಿಮಿಷ ಓಡಾಡಕ್ಕೆ ಬಿಟ್ರೆ, ಪೂರ್ತಿ ಶಿಫ್ಟ್ ನಿಲ್ತೀನಿ. ಆಗ್ಲಿಲ್ಲ ಅಂದ್ರೆ ನಾನೇ ಮಷಿನ್ ಬಿಟ್ಟುಕೊಡ್ತೀನಿ," ಅಂದಳಂತೆ. ಅವರಿಗೆ ಎಂಟು ಏನೆಂದು ಅರ್ಥವಾಗಲಿಲ್ಲ; ಬೀಗದ ಕೈ ಕೊಟ್ಟರು.

ಯೂನಿಫಾರಂ ಬಟ್ಟೆ ಬಂದದ್ದು ಮುಂದಿನ ಗುರುವಾರ. ಬೆಳಿಗ್ಗೆ ಅಮ್ಮ ಇಪ್ಪತ್ತು ನಿಮಿಷ ಬಿಸಿ ಪ್ಯಾಡು ಇಟ್ಟುಕೊಂಡು, ಮೇಡಂ ಹೇಳಿಕೊಟ್ಟ ನಾಲ್ಕು ವ್ಯಾಯಾಮ ಮಾಡಿ, ನಡೆದೇ ಹೋದಳು. ನಾವು ನಾಲ್ವರೂ ಆ ದಿನ ಮಾಡಿದ ಕೆಲಸ ಒಂದೂ ನೆಟ್ಟಗಾಗಲಿಲ್ಲ. ಅಪ್ಪ ಒಂದು ಫ್ಯಾನನ್ನು ಉಲ್ಟಾ ತಿರುಗುವಂತೆ ಜೋಡಿಸಿ ಗಿರಾಕಿಗೆ ಕೊಟ್ಟ. ಅಜ್ಜಿ ಬೇಳೆಗೆ ಉಪ್ಪು ಎರಡು ಸಲ ಹಾಕಿದಳು.

ಆರೂವರೆಗೆ ಅಮ್ಮ ಬಂದಳು. ಚಪ್ಪಲಿ ಬಿಟ್ಟಳು, ಕೈಕಾಲು ತೊಳೆದಳು, ಬಂದು ಕೂತಳು. ಅವಳೇ ಹೇಳಿದಳು. ನೂರು ಪದರದ ಮೂರು ಹಾಸು ಮುಗಿಯಿತಂತೆ. ಮಧ್ಯಾಹ್ನ ಒಂದು ಸಲ ಸೊಂಟ ಹಿಡಿದಾಗ ಮಷಿನ್ ಆಫ್ ಮಾಡಿ ಮೇಜಿನ ಸುತ್ತ ನಡೆದಳಂತೆ, ಎಲ್ಲರೂ ನೋಡುತ್ತಿದ್ದರೂ. ಕೊನೆಯ ಕಟ್ಟು ಕಟ್ಟಿದ ಮೇಲೆ ಸೂಪರ್‌ವೈಸರು ಬಂದು ತೋಳಿನ ಪೀಸುಗಳನ್ನು, ಮೇಲಿನದು ಒಂದು, ಅಡಿಯದು ಒಂದು, ಜೋಡಿಸಿ ಹಿಡಿದು ನೋಡಿದರಂತೆ.

"ಏನಂದ್ರು?" ಅಂದ ಅಪ್ಪ.

"ಮಾಸ್ಟ್ರಮ್ಮ, ನಾಳೆ ನೀಲಿ ಬಟ್ಟೆ, ಎಂಟಕ್ಕೆ ಬನ್ನಿ ಅಂದ್ರು."

"ಅಷ್ಟೇನಾ?"

"ಇನ್ನೇನನ್ನಬೇಕಿತ್ತು? ನಾಳೆ ಬನ್ನಿ ಅಂದಾಯ್ತಲ್ಲ. ಹೊಸ ಕಟ್ಟರ್ ಬಂದು, ಬಿಡುವಿನಲ್ಲಿ ನನಗೂ ನೂರು ಪದರಕ್ಕೆ ಮಷಿನ್ ಹಿಡಿಯೋದು ಕಲಿಸಿ ಅಂದ. ಕಲಿಸ್ತೀನಿ ಅಂದೆ."

ಚಿಕ್ಕಪ್ಪ ನನ್ನ ಕಡೆ ನೋಡಿದ. "ಕೇಳು ಗುಮಾಸ್ತೆ, ನಂಬರ್ ಕೇಳು."

ನಾನು ಕೇಳಲಿಲ್ಲ. ಎಲ್ಲರೂ ಇದ್ದೆವು, ಚೀಲದವಳು, ಬೆಲ್ಟಿನವನು, ಡಬ್ಬಿಯವನು. ಅಮ್ಮ ಒಬ್ಬೊಬ್ಬರ ಮುಖವನ್ನೂ ನೋಡಿದಳು.

"ಐದು," ಅಂದಳು.

"ಇನ್ನೂ ಐದಿದೆಯಾ?" ಎಂದು ಅಜ್ಜಿ ಎದ್ದಳು. "ನೀರು ಕಾಯಿಸಿ ತರ್ತೀನಿ ಇರು."

"ಬೇಡ ಅತ್ತೆ. ನಿಮ್ಮ ಚೀಲ ನನ್ನ ಹತ್ರ ಬರೋಷ್ಟರಲ್ಲಿ ಆರಿ ಹೋಗಿರುತ್ತೆ. ಪ್ಯಾಡೇ ಇಟ್ಕೋತೀನಿ."

ಅಜ್ಜಿ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಅಜ್ಜಿ ನಿಧಾನವಾಗಿ ತಿರುಗಿ ಬಂದು, ಸೋಫಾದ ಮೇಲೆ ಬಿದ್ದಿದ್ದ ಬೆಲ್ಟನ್ನು ಅತ್ತ ಸರಿಸಿ, ಅಮ್ಮನ ಪಕ್ಕ ಕೂತಳು. ಕೂರುವಾಗ ಸೋಫಾದ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

"ನಂದು ಏಳು," ಅಂದಳು.

"ಏನು ಏಳು?" ಅಂದ ಅಪ್ಪ.

"ಮೊಣಕಾಲು. ಬಲಗಾಲಿಂದು. ಬರ್ಕೋ ಪುಟ್ಟಿ."

ನಾನು ನೋಟ್‌ಬುಕ್ ತಂದೆ. ಹೊಸ ಪುಟಕ್ಕೆ ಕಾಲಂ ಎಳೆಯುತ್ತಾ ಕೇಳಿದೆ, "ಯಾವಾಗಿಂದ ಅಜ್ಜಿ?"

ಅಜ್ಜಿ ತನ್ನ ದೊಡ್ಡ ಮಗನನ್ನು ನೋಡಿದಳು. "ಇವನು ಹೈಸ್ಕೂಲಿಗೆ ಹೋಗ್ತಿದ್ದಾಗಿಂದ."